ಎನ್‌ವಿಡಿಎ ಓದಿದ ನನ್ನ ಹಳೆಯ ಪುಟ

ಕಳೆದ ಮಳೆಗಾಲದ ಒಂದು ಸಂಜೆ ಪ್ರೌಢಶಾಲೆಯಲ್ಲಿ ನನಗೆ ಇತಿಹಾಸ ಕಲಿಸಿದ ಮೇಷ್ಟ್ರು ಫೋನ್ ಮಾಡಿ, "ವಾಚನಾಲಯದ ಜಾಲತಾಣ ಕಟ್ಟಿದವನು ನೀನೇ ಅಲ್ಲವೇನೋ?" ಎಂದು ಕೇಳಿದರು. ಹೊಗಳಿಕೆ ಬರುತ್ತದೆಂದು ಕಾಯುತ್ತ "ಹೌದು ಸರ್" ಎಂದೆ. "ಹಾಗಾದರೆ ಭಾನುವಾರ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ನೀನೇ ಹೇಳಿಬಿಡು ಮಾರಾಯ. ಇಪ್ಪತ್ತು ನಿಮಿಷದಿಂದ ಕಿವಿ ಕೊಟ್ಟು ಕೂತಿದ್ದೇನೆ, ನಿನ್ನ ಪುಟ ಬೇರೆಲ್ಲವನ್ನೂ ಹೇಳುತ್ತದೆ, ಅದೊಂದನ್ನು ಬಿಟ್ಟು."

ಮೇಷ್ಟ್ರಿಗೆ ನಿವೃತ್ತಿಯ ನಂತರ ಗ್ಲಾಕೋಮಾದಿಂದ ಕಣ್ಣು ಹೋಯಿತು. ಮಗಳು ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಪತ್ರಿಕೆ, ಮಿಂಚಂಚೆ, ರೈಲಿನ ಸಮಯ ಎಲ್ಲವನ್ನೂ ಕೇಳಿಯೇ ಓದುತ್ತಾರೆ. ನಾನು ಸಾಗರದಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ ನನ್ನ ಅನ್ನ. ನಡುವೆ 2003ರಲ್ಲಿ ಹುಮ್ಮಸ್ಸಿನಿಂದ ಒಂದು ಚಿಕ್ಕ ವಾಚನಾಲಯಕ್ಕೆ ಜಾಲತಾಣ ಮಾಡಿಕೊಟ್ಟಿದ್ದೆ. ಅದು ಇಷ್ಟು ವರ್ಷ ಹಾಗೆಯೇ ನಿಂತಿತ್ತು. ಚೆನ್ನಾಗಿ ಕಟ್ಟಿದ್ದರಿಂದ ನಿಂತಿದೆ ಎಂದುಕೊಂಡಿದ್ದೆ. ಅದರ ಜೋಡಣೆಯನ್ನು ಯಾರೂ ಮುಟ್ಟದೆ ಇದ್ದದ್ದರಿಂದ ನಿಂತಿತ್ತು, ಅಷ್ಟೇ.

ಮೇಷ್ಟ್ರ ಫೋನ್ ಇಟ್ಟ ರಾತ್ರಿಯೇ ನನ್ನ ಗಣಕಕ್ಕೂ ಎನ್‌ವಿಡಿಎ ಇಳಿಸಿಕೊಂಡೆ. ನಾಲ್ಕು ತಿಂಗಳಿನಿಂದ ಬಳಸುತ್ತಿದ್ದೇನೆ. ದಿನವೂ ಅದನ್ನೇ ನಂಬಿ ಬದುಕುವವರು ಬರೆಯುವ ವಿಮರ್ಶೆಯ ತೂಕ ಇದಕ್ಕಿಲ್ಲ. ಸಾಲು, ಕಾಲಂಗಳ ಟೇಬಲ್ಲಿನಲ್ಲಿ ಬರಹ ಜೋಡಿಸಿದ ಹಳೆಯ ಪುಟಗಳನ್ನು ಒಡೆದು ಹೊಸದಾಗಿ ಕಟ್ಟಲು ಹೊರಟ ಒಬ್ಬ ಕಣ್ಣಿರುವ ಕೆಲಸಗಾರನಿಗೆ ಅದು ಎಷ್ಟು ಉಪಯೋಗಕ್ಕೆ ಬಂತು ಎನ್ನುವುದನ್ನು ಮಾತ್ರ ಹೇಳಬಲ್ಲೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಇದು ಉಚಿತ, ಮೂಲ ಸಂಕೇತವೂ ಮುಕ್ತ. ಬೇಕಾದವರು ದೇಣಿಗೆ ಕೊಡಬಹುದು. ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಶುರು ಮಾಡಿದ ಕೆಲಸಕ್ಕೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಗಣಕ ಮಾತಾಡಬೇಕು ಎನ್ನುವುದು ಅವರ ಹಟ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ; ಲಿನಕ್ಸ್, ಮ್ಯಾಕ್ ಇರುವವರು ಬೇರೆ ದಾರಿ ನೋಡಬೇಕು.

ಮೊದಲ ರಾತ್ರಿ ಫಜೀತಿಯದು. ತೆರೆದ ಕೂಡಲೇ ಅದು ಮಾತಾಡತೊಡಗಿತು, ನಿಲ್ಲಲಿಲ್ಲ. ಮೌಸ್ ಎಲ್ಲಿಗೆ ಹೋದರೂ ಅದರ ಕೆಳಗಿನದನ್ನು ಓದಿತು. ಅಕ್ಷರ ಒತ್ತಿದರೆ ಅಕ್ಷರ ಹೇಳಿತು. ಗಾಬರಿಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಹೋದರೆ ಮುಚ್ಚುತ್ತಿರುವ ಪ್ರತಿಯೊಂದರ ಹೆಸರನ್ನೂ ಕೂಗಿ ಹೇಳಿತು. ಒಳಗಿನಿಂದ ನನ್ನ ಹೆಂಡತಿ "ಇಷ್ಟು ಹೊತ್ತಿನಲ್ಲಿ ಯಾರು ಬಂದಿದ್ದಾರೆ?" ಎಂದು ಎದ್ದು ಬಂದಳು. ಕಂಟ್ರೋಲ್ ಕೀಲಿ ಒಮ್ಮೆ ಒತ್ತಿದರೆ ಬಾಯಿ ಮುಚ್ಚುತ್ತದೆ ಎಂದು ತಿಳಿದದ್ದು ಮರುದಿನ ಮೇಷ್ಟ್ರಿಂದ. ಹಾಕಿಕೊಳ್ಳುವವರು ಇದೊಂದನ್ನು ಮೊದಲೇ ನೆನಪಿಟ್ಟುಕೊಳ್ಳಿ. ಇನ್ಸರ್ಟ್ ಕೀಲಿಯೇ ಇದರ ಮುಖ್ಯ ಕೀಲಿ, ಅದರ ಜೊತೆ ಕ್ಯೂ ಒತ್ತಿದರೆ ತಂತ್ರಾಂಶವೇ ಮುಚ್ಚುತ್ತದೆ.

ನನ್ನಂಥವರಿಗೆ ಇದರಲ್ಲಿ ತುಂಬ ಒದಗಿಬಂದದ್ದು ಸ್ಪೀಚ್ ವ್ಯೂವರ್ ಎಂಬ ಪುಟ್ಟ ಕಿಟಕಿ. ದನಿ ಆಡಿದ್ದೆಲ್ಲ ಅಲ್ಲಿ ಬರಹವಾಗಿ ಸಾಲಾಗಿ ಬೀಳುತ್ತದೆ. ಕೇಳಿ ಅಭ್ಯಾಸವಿಲ್ಲದವನು ಅದನ್ನು ಕಣ್ಣಿನಿಂದ ಓದಿ, ತನ್ನ ಪುಟ ಕಿವಿಗೆ ಯಾವ ಕ್ರಮದಲ್ಲಿ ಬೀಳುತ್ತಿದೆ ಎಂದು ನೋಡಿಕೊಳ್ಳಬಹುದು. ನನ್ನ ಮುಖಪುಟವನ್ನು ತೆರೆದು ಇನ್ಸರ್ಟ್ ಜೊತೆ ಕೆಳಬಾಣ ಒತ್ತಿ, ಪೂರ್ತಿ ಓದಿಸಿ, ಆ ಬರಹವನ್ನು ಮುದ್ರಿಸಿಕೊಂಡು ಕೂತೆ.

ಶುರುವಿನಲ್ಲಿ "ಲಿಂಕ್, ಗ್ರಾಫಿಕ್, ಪಿಜಿ 01. ಲಿಂಕ್, ಗ್ರಾಫಿಕ್, ಪಿಜಿ 02. ಲಿಂಕ್, ಗ್ರಾಫಿಕ್, ಪಿಜಿ 03." ಹೀಗೆ ಒಂಬತ್ತು. ಅದು ನನ್ನ ಮೆನು. ಆ ಕಾಲದಲ್ಲಿ ಓದುಗರ ಗಣಕದಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ ಎಂಬ ಭರವಸೆ ಇರಲಿಲ್ಲ. ಹಾಗಾಗಿ ‘ಸದಸ್ಯತ್ವ’, ‘ಪುಸ್ತಕ ಪಟ್ಟಿ’ ಮುಂತಾದ ಪದಗಳನ್ನು ಚಿತ್ರವಾಗಿ ಮಾಡಿ, ಚಿತ್ರವನ್ನು ಹೋಳು ಹೋಳಾಗಿ ಕತ್ತರಿಸಿ ಟೇಬಲ್ಲಿನ ಮನೆಗಳಲ್ಲಿ ಕೂರಿಸುತ್ತಿದ್ದೆವು. ಚಿತ್ರಕ್ಕೆ ಪರ್ಯಾಯ ಪಠ್ಯ, ಅಂದರೆ ಚಿತ್ರದ ಬದಲು ಓದುವ ಮಾತು, ಬರೆಯುವುದು ಗೊತ್ತಿರಲಿಲ್ಲ ಎನ್ನಲಾರೆ. ಬರೆದರೆ ಮೌಸ್ ಇಟ್ಟಾಗ ಹಳದಿ ಚೀಟಿ ಮೇಲೇಳುತ್ತದೆ, ಚೆಂದ ಕೆಡುತ್ತದೆ ಎಂದು ಬಿಟ್ಟಿದ್ದೆ. ಹೇಳಲು ಏನೂ ಸಿಗದೆ ಎನ್‌ವಿಡಿಎ ಪಾಪ ಕೊಂಡಿಯ ಕಡತದ ಹೆಸರನ್ನೇ ಓದುತ್ತಿತ್ತು.

ಆಮೇಲೆ ಮೇಷ್ಟ್ರ ಇಪ್ಪತ್ತು ನಿಮಿಷ ನುಂಗಿದ ಭಾಗ ಬಂತು. ಮುಖಪುಟದ ನಡುವೆ ನಾನು ಮೂರು ಪೆಟ್ಟಿಗೆ ಮಾಡಿದ್ದೆ: ಸಮಯ, ಹೊಸ ಪುಸ್ತಕಗಳು, ಸದಸ್ಯತ್ವ. ನೋಡಲು ಮೂರು ಪೆಟ್ಟಿಗೆ. ಒಳಗೆ ಅದು ಎರಡು ಸಾಲಿನ ಒಂದು ಟೇಬಲ್. ಮೇಲಿನ ಸಾಲಿನಲ್ಲಿ ಮೂರು ತಲೆಬರಹ, ಕೆಳಗಿನ ಸಾಲಿನಲ್ಲಿ ಅವುಗಳ ಒಡಲು. ಟೇಬಲ್ಲನ್ನು ಓದುವುದು ಸಾಲು ಸಾಲಾಗಿ. ಹಾಗಾಗಿ ಕಿವಿಗೆ ಬಿದ್ದದ್ದು: "ಸಮಯ. ಹೊಸ ಪುಸ್ತಕಗಳು. ಸದಸ್ಯತ್ವ. ಬೆಳಿಗ್ಗೆ 8.30ರಿಂದ 11..." ಆ ಮೂರು ಹೆಸರು ಕೇಳಿದ ಮೇಲೆ ಬಂದ ಗಂಟೆಗಳು ಯಾವುದಕ್ಕೆ ಸೇರಿದ್ದು? ಸದಸ್ಯತ್ವದ ಅರ್ಜಿ ತೆಗೆದುಕೊಳ್ಳುವ ಸಮಯ ಎಂದುಕೊಂಡು ಮೇಷ್ಟ್ರು ಅದನ್ನು ಪ್ರತಿ ಸಲ ದಾಟಿ ಮುಂದೆ ಹೋಗಿದ್ದರು. ಭಾನುವಾರದ ಸಮಯ ಇನ್ನೂ ಬೇರೆ ಕಡೆ ಇತ್ತು. ಜಾಗ ಸಾಲದೆ ಅದನ್ನು ಬಲಬದಿಯ ಇನ್ನೊಂದು ಟೇಬಲ್ಲಿನೊಳಗೆ ತುರುಕಿದ್ದೆ. ದಿನಪತ್ರಿಕೆಯ ಅಂಕಣಗಳನ್ನು ಮೇಲಿಂದ ಕೆಳಕ್ಕೆ ಓದದೆ ಎಡದಿಂದ ಬಲಕ್ಕೆ ಗೆರೆ ದಾಟಿ ಓದುತ್ತ ಹೋದರೆ ಅರ್ಥ ಹೇಗೆ ಕಲಸುತ್ತದೋ ಹಾಗೆ.

ಎಣಿಸಿದೆ. ಒಂದೇ ಪುಟದಲ್ಲಿ ಹದಿನಾಲ್ಕು ಟೇಬಲ್. ಒಂದರೊಳಗೊಂದು ನಾಲ್ಕು ಸುತ್ತು. ಅವುಗಳಲ್ಲಿ ಒಂದೂ ನಿಜವಾದ ಕೋಷ್ಟಕವಲ್ಲ. ಸಂದು ಬಿಡಿಸಲು ಒಂದು ಪಿಕ್ಸೆಲಿನ ಪಾರದರ್ಶಕ ಜಿಫ್ ಚಿತ್ರಗಳು ನಲವತ್ತರ ಮೇಲೆ.

ನನ್ನ ಪರವಾಗಿ ಎರಡು ಮಾತು. ಮುದ್ರಣದ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ ಅಳತೆಗೋಲು ಹಿಡಿದು ಕೆಲಸ ಕಲಿತವನಿಗೆ ಟೇಬಲ್ ಎಂದರೆ ಗೆರೆ ಕಾಣದ ಚೌಕಟ್ಟು, ಇಟ್ಟಲ್ಲಿ ಇರುವ ವಸ್ತು. ಒಂದು ಬ್ರೌಸರಿನಲ್ಲಿ ಸರಿ ಬಂದ, ಪುಟದ ಬಣ್ಣ, ಅಳತೆ, ಜಾಗ ಹೇಳುವ ಸಿಎಸ್‌ಎಸ್ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲ ಅದು. ಆದರೆ ಈ ಸಮಜಾಯಿಷಿ ಬಹಳ ದೂರ ನಡೆಯುವುದಿಲ್ಲ. ಸಿಎಸ್‌ಎಸ್ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲೇ ಬಂದಿತ್ತು. ಓದುವ ಕ್ರಮದಲ್ಲಿ ಅರ್ಥ ಉಳಿಯದಿದ್ದರೆ ವಿನ್ಯಾಸಕ್ಕೆ ಟೇಬಲ್ ಬಳಸಬೇಡಿ ಎಂದು ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ತನ್ನ ಮೊದಲ ಸುಗಮ್ಯತಾ (ಅಂಗವಿಕಲರೂ ಬಳಸಬಲ್ಲಂತೆ ಪುಟ ಕಟ್ಟುವ) ಮಾರ್ಗಸೂಚಿಯಲ್ಲಿ ಹೇಳಿದ್ದು 1999ರ ಮೇ ತಿಂಗಳಲ್ಲಿ. ನಾನು ವಾಚನಾಲಯದ ಪುಟ ಕಟ್ಟುವ ಹೊತ್ತಿಗೆ ಆ ಮಾತಿಗೆ ನಾಲ್ಕು ವರ್ಷ ತುಂಬಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆಗ ಕೇಳುತ್ತಿರಲಿಲ್ಲ.

ಇಲ್ಲಿ ಎನ್‌ವಿಡಿಎ ಬಗ್ಗೆ ನನ್ನ ದೊಡ್ಡ ತಕರಾರು ಇದೆ. ಅದು ತೀರ ಸಭ್ಯ. ವಿನ್ಯಾಸಕ್ಕಾಗಿ ಇಟ್ಟ ಟೇಬಲ್ ಯಾವುದು, ಮಾಹಿತಿಯ ಟೇಬಲ್ ಯಾವುದು ಎಂದು ಬ್ರೌಸರ್ ಊಹಿಸುತ್ತದೆ. ವಿನ್ಯಾಸದ್ದು ಎಂದು ತೋರಿದರೆ ಎನ್‌ವಿಡಿಎ ‘ಟೇಬಲ್’ ಎಂದು ಘೋಷಿಸದೆ ಒಳಗಿನ ಮಾತನ್ನಷ್ಟೇ ಓದುತ್ತದೆ. ಬಂದ ಕೂಡಲೇ ಇರುವ ಹೊಂದಾಣಿಕೆಯೇ ಇದು. ಓದುಗರಿಗೆ ದೊಡ್ಡ ಉಪಕಾರ. ಇಲ್ಲದಿದ್ದರೆ ಮೇಷ್ಟ್ರು ನನ್ನ ಪುಟದಲ್ಲಿ ಹದಿನಾಲ್ಕು ಸಲ ಸಾಲು, ಕಾಲಂಗಳ ಲೆಕ್ಕ ಕೇಳಬೇಕಿತ್ತು. ಆದರೆ ಕಟ್ಟುವವನಿಗೆ ಇದು ಮೋಸ. ನಾನು ಮೊದಲು ಓದಿಸಿದಾಗ ಟೇಬಲ್ ಎಂಬ ಶಬ್ದ ಹೆಚ್ಚಾಗಿ ಕೇಳಿಸಲೇ ಇಲ್ಲ. "ನೋಡಿದಿರಾ ಸರ್, ಟೇಬಲ್ ಇದ್ದರೂ ತೊಂದರೆ ಇಲ್ಲವಲ್ಲ" ಎಂದು ಜಂಬದಿಂದ ಹೇಳಿಯೂಬಿಟ್ಟೆ. ಅವರು, "ಟೇಬಲ್ ಎನ್ನುವ ಪದದಿಂದ ನನಗೇನೂ ನೋವಿಲ್ಲ. ಯಾವುದರ ಹಿಂದೆ ಯಾವುದು ಬರುತ್ತದೆ ಎನ್ನುವುದು ನನಗೆ ಬೇಕು" ಎಂದರು. ಜಾಲಪುಟ ಓದುವ ಬ್ರೌಸ್ ಮೋಡ್‌ನ ಹೊಂದಾಣಿಕೆಗಳಲ್ಲಿ ವಿನ್ಯಾಸದ ಟೇಬಲ್‌ಗಳನ್ನೂ ಸೇರಿಸು ಎಂಬ ಒಂದು ಗುರುತುಚೌಕವಿದೆ. ಹಳೆಯ ಪುಟ ರಿಪೇರಿ ಮಾಡುವವರು ಅದಕ್ಕೆ ಟಿಕ್ ಹಾಕಿಕೊಂಡೇ ಕೆಲಸಕ್ಕೆ ಕೂರಬೇಕು. ಆಗ ಪುಟ ತನ್ನ ಹೊಟ್ಟೆಯೊಳಗಿನದನ್ನೆಲ್ಲ ಕಕ್ಕುತ್ತದೆ.

ಒಂದೊಂದೇ ಅಕ್ಷರದ ಕೀಲಿಗಳು ಇದರ ನಿಜವಾದ ಸೊಗಸು. ಪುಟ ಓದುತ್ತಿರುವಾಗ ‘ಎಚ್’ ಒತ್ತಿದರೆ ಮುಂದಿನ ತಲೆಬರಹ, ‘ಡಿ’ ಒತ್ತಿದರೆ ಪುಟದ ಮುಂದಿನ ಪ್ರದೇಶ (ಮೆನು, ನಡುವಿನ ವಿಷಯ ಮುಂತಾದ ಭಾಗ), ‘ಕೆ’ ಒತ್ತಿದರೆ ಕೊಂಡಿ, ‘ಟಿ’ ಒತ್ತಿದರೆ ಟೇಬಲ್. ಮೇಷ್ಟ್ರು ಪುಟವನ್ನು ಮೊದಲಿಂದ ಕೊನೆಯವರೆಗೆ ಎಂದೂ ಕೇಳುವುದಿಲ್ಲ. ಎಚ್, ಎಚ್, ಎಚ್ ಎಂದು ಹಾರುತ್ತ ಹೋಗುತ್ತಾರೆ, ನಾವು ಪತ್ರಿಕೆಯ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿದಂತೆ. ಅವರ ದನಿಯ ವೇಗವೋ, ಅದು ಕನ್ನಡವೋ ಇಂಗ್ಲಿಷೋ ಎಂದೇ ನನಗೆ ತಿಳಿಯಲಿಲ್ಲ. ನನ್ನ ಪುಟದಲ್ಲಿ ಎಚ್ ಒತ್ತಿದರೆ ಮುಂದೆ ತಲೆಬರಹವಿಲ್ಲ ಎಂಬ ಉತ್ತರ. ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡಿ, ಕೆಂಪು ಬಣ್ಣ ಕೊಟ್ಟು ನಾನು ಬರೆದಿದ್ದ ‘ತಲೆಬರಹ’ಗಳು ಕಣ್ಣಿಗೆ ಮಾತ್ರ ತಲೆಬರಹ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಕೊಂಡಿಗಳೆಲ್ಲ ಒಂದು ಪಟ್ಟಿಯಾಗಿ ಬರುತ್ತವೆ. ಅದರಲ್ಲಿ ‘ಇಲ್ಲಿ ಒತ್ತಿ’ ಎಂಬುದು ಹನ್ನೊಂದು ಸಲ ಇತ್ತು. ಯಾಕೆ ಒತ್ತಬೇಕು, ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಎಂಬುದಕ್ಕೆ ಉತ್ತರವಿಲ್ಲ.

ಕಟ್ಟುವ ಕೆಲಸಕ್ಕೆ ಬಂದರೆ, ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಮೊದಲು ಬಣ್ಣ, ಅಳತೆ, ಜಾಗ ಎಲ್ಲ ಮರೆತು, ಒಬ್ಬರಿಗೆ ಫೋನಿನಲ್ಲಿ ಓದಿ ಹೇಳಬೇಕಾದರೆ ಯಾವ ಕ್ರಮದಲ್ಲಿ ಹೇಳುತ್ತೇನೋ ಆ ಕ್ರಮದಲ್ಲಿ ಬರಹವನ್ನು ಒಂದರ ಕೆಳಗೊಂದು ಇಟ್ಟೆ. ವಾಚನಾಲಯದ ಹೆಸರು, ಮೆನು, ತೆರೆಯುವ ಸಮಯ, ಹೊಸ ಪುಸ್ತಕ, ಸದಸ್ಯತ್ವ, ವಿಳಾಸ. ಮೆನುವಿಗೆ ನ್ಯಾವ್, ನಡುವಿನ ವಿಷಯಕ್ಕೆ ಮೇನ್, ಕೊನೆಗೆ ಫೂಟರ್ ಎಂಬ ಎಚ್‌ಟಿಎಂಎಲ್ ಗುರುತುಗಳು. ಪ್ರತಿ ವಿಭಾಗಕ್ಕೆ ನಿಜವಾದ ತಲೆಬರಹದ ಗುರುತು. ಎಲ್ಲಕ್ಕಿಂತ ಮೇಲೆ, ಮೆನು ದಾಟಿ ನೇರ ವಿಷಯಕ್ಕೆ ಹೋಗುವ ಒಂದು ಕೊಂಡಿ. ಪುಟದ ಭಾಷೆ ಕನ್ನಡ ಎಂದು ಶುರುವಿನಲ್ಲೇ ಬರೆದೆ. ಆಗ ಎನ್‌ವಿಡಿಎ ದನಿಯನ್ನು ತಾನಾಗಿ ಕನ್ನಡಕ್ಕೆ ಹೊರಳಿಸಿಕೊಳ್ಳುತ್ತದೆ. ಅದರ ಜೊತೆಗೇ ಬರುವ ಈಸ್ಪೀಕ್ ಎಂಬ ದನಿಗೆ ಕನ್ನಡ ಬರುತ್ತದೆ, ಉಸಿರು ಮಾತ್ರ ಬರುವುದಿಲ್ಲ. ಪದ್ಯವನ್ನೂ ಪಡಿತರದ ಪಟ್ಟಿಯನ್ನೂ ಒಂದೇ ರಾಗದಲ್ಲಿ ಓದುತ್ತದೆ. ನನಗೆ ಅರ್ಧ ಗಂಟೆಗೆ ತಲೆನೋವು. ಮೇಷ್ಟ್ರು, "ಭಾವ ನಾನು ಹಾಕಿಕೊಳ್ಳುತ್ತೇನೆ, ಅದು ಅಕ್ಷರ ನುಂಗದಿದ್ದರೆ ಸಾಕು" ಎನ್ನುತ್ತಾರೆ.

ಹೀಗೆ ಬೆತ್ತಲೆ ಬರಹ ಸರಿಯಾಗಿ ಓದಿಸಿಕೊಂಡ ಮೇಲೆ ಸಿಎಸ್‌ಎಸ್ ಹಾಕಿದೆ. ಹಿಂದೆ ಟೇಬಲ್ ಇಲ್ಲದೆ ಮೂರು ಕಾಲಂ ಮಾಡಲು ತೇಲಿಸಿ, ಒತ್ತಿ, ಸರ್ಕಸ್ ಮಾಡಬೇಕಿತ್ತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರರಲ್ಲೂ ಗ್ರಿಡ್ ಎಂಬ, ಪುಟವನ್ನು ಸಾಲು ಕಾಲಂಗಳಾಗಿ ಜೋಡಿಸುವ ಸಿಎಸ್‌ಎಸ್ ಸೌಲಭ್ಯ ಬಂದ ಮೇಲೆ ಆ ಕಷ್ಟ ಮುಗಿದಿದೆ. ನಾನು ತಿಳಿದುಕೊಂಡದ್ದು ಈಗ. ಮೂರು ಕಾಲಂ ಬೇಕು ಎಂದು ಒಂದು ಸಾಲು ಬರೆದರೆ ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ ಕೂರುತ್ತವೆ. ಮೊಬೈಲಿನಲ್ಲಿ ಒಂದೇ ಕಾಲಂ ಸಾಕು ಎಂದು ಇನ್ನೊಂದು ಸಾಲು. ಹಳೆಯ ಪುಟ ಮೊಬೈಲಿನಲ್ಲಿ ಇರುವೆಗಾತ್ರದ ಅಕ್ಷರವಾಗಿ, ಎರಡು ಬೆರಳಿನಿಂದ ಹಿಗ್ಗಿಸಿ ಅತ್ತಿತ್ತ ಎಳೆದಾಡಬೇಕಿತ್ತು. ಈಗ ಇಲ್ಲ. ಕಣ್ಣಿದ್ದವರೂ ಈ ಬದಲಾವಣೆಗೆ ನನ್ನ ಬೆನ್ನು ತಟ್ಟಿದರು. ಕಾರಣ ಮೇಷ್ಟ್ರು ಎಂದು ನಾನು ಎಲ್ಲರಿಗೂ ಹೇಳಲಿಲ್ಲ, ಅದು ನನ್ನ ಸಣ್ಣತನ.

ಎರಡು ಕಡೆ ಎಡವಿದೆ. ವಾಚನಾಲಯದವರು ‘ಇಂದು ರಜೆ’ ಎಂಬ ಪಟ್ಟಿ ಎಲ್ಲಕ್ಕಿಂತ ಮೇಲೆ ಬರಬೇಕು ಎಂದರು. ಬರಹದಲ್ಲಿ ಅದು ಕೊನೆಯಲ್ಲಿತ್ತು. ಗ್ರಿಡ್‌ನಲ್ಲಿ ಆರ್ಡರ್ ಎಂಬ ಸೂಚನೆ ಕೊಟ್ಟರೆ ಕೆಳಗಿನದು ಕಣ್ಣಿಗೆ ಮೇಲೆ ಬಂದು ಕೂರುತ್ತದೆ. ಕೊಟ್ಟೆ, ಚೆಂದ ಬಂತು. ಬ್ರೌಸರಿನೊಳಗೇ ಇರುವ ಸುಗಮ್ಯತೆಯ ತಪಾಸಣೆಯ ಉಪಕರಣಕ್ಕೆ ಹಾಕಿದರೆ ನೂರಕ್ಕೆ ನೂರು ಅಂಕ. ಎನ್‌ವಿಡಿಎ ಮಾತ್ರ ಇಡೀ ಪುಟ ಓದಿ, ವಿಳಾಸ ಓದಿ, ಕಟ್ಟಕಡೆಗೆ "ಇಂದು ರಜೆ" ಎಂದಿತು. ಊಟಕ್ಕೆ ಎಲೆ ಹಾಕಿ ಕೂರಿಸಿ, ಕೊನೆಗೆ ಅಡುಗೆ ಆಗಿಲ್ಲ ಎಂದಂತೆ. ಟೇಬಲ್ ಬಿಟ್ಟ ಮಾತ್ರಕ್ಕೆ ಟೇಬಲ್ಲಿನ ಪಾಪ ಹೋಗುವುದಿಲ್ಲ. ಆರ್ಡರ್ ತೆಗೆದುಹಾಕಿ ಬರಹದಲ್ಲೇ ಅದನ್ನು ಮೇಲೆ ತಂದೆ. ಅಂಕ ಕೊಡುವ ಉಪಕರಣಗಳು ಬೇಡ ಎನ್ನುವುದಿಲ್ಲ, ಬಣ್ಣದ ಗಾಢತೆ, ಬಿಟ್ಟುಹೋದ ಪರ್ಯಾಯ ಪಠ್ಯ ಮುಂತಾದವನ್ನು ಚಕಚಕ ಹಿಡಿಯುತ್ತವೆ. ಕ್ರಮ ಸರಿಯಿದೆಯೇ ಎಂದು ತಿಳಿಯಲು ಕೂತು ಕೇಳಲೇಬೇಕು.

ಎರಡನೆಯದು ಅತ್ಯುತ್ಸಾಹದ ತಪ್ಪು. ಟೇಬಲ್ ಎಂದರೆ ಕೆಟ್ಟದ್ದು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ತೆರೆಯುವ ಸಮಯವನ್ನು ವಾರದ ಏಳು ದಿನ, ಬೆಳಿಗ್ಗೆ, ಸಂಜೆ ಎಂದು ಹೊಸದಾಗಿ ಜೋಡಿಸುವಾಗ ಅದನ್ನೂ ಬರೀ ಪೆಟ್ಟಿಗೆಗಳಲ್ಲಿ, ಗ್ರಿಡ್ ಹಾಕಿ ಚೌಕಚೌಕವಾಗಿ ಕೂರಿಸಿದೆ. ಮೇಷ್ಟ್ರಿಗೆ ಫೋನ್ ಮಾಡಿ "ಸರ್, ಈಗ ಒಂದೂ ಟೇಬಲ್ ಇಲ್ಲ" ಎಂದೆ. ಹತ್ತು ನಿಮಿಷದಲ್ಲಿ ವಾಪಸ್ ಕರೆ. "ಟೇಬಲ್ ಯಾಕೆ ತೆಗೆದೆ? ಎಂಟೂವರೆ, ಹನ್ನೊಂದು, ನಾಲ್ಕೂವರೆ, ಎಂಟು, ಎಂಟೂವರೆ, ಹನ್ನೊಂದು ಎಂದು ಪಟಪಟ ಹೇಳುತ್ತ ಹೋಗುತ್ತದೆ. ಯಾವ ದಿನದ್ದು ಯಾವುದು ಎಂದು ನಾನು ಬೆರಳು ಮಡಿಸಿ ಲೆಕ್ಕ ಇಟ್ಟುಕೊಳ್ಳಬೇಕೇನು?"

ದಿನ ಒಂದು ಕಡೆ, ಹೊತ್ತು ಇನ್ನೊಂದು ಕಡೆ ಇರುವ ಮಾಹಿತಿ ಹುಟ್ಟಿನಿಂದಲೇ ಟೇಬಲ್. ಹದಿನಾಲ್ಕು ಸುಳ್ಳು ಟೇಬಲ್ ಕಟ್ಟಿದ್ದವನು ಇದ್ದ ಒಂದು ನಿಜದ ಟೇಬಲ್ಲನ್ನು ಕೆಡವಿದ್ದೆ. ಮತ್ತೆ ಕಟ್ಟಿದೆ, ಈ ಸಲ ಸರಿಯಾಗಿ: ಮೇಲೆ ಕ್ಯಾಪ್ಷನ್, ಕಾಲಂಗಳಿಗೂ ಸಾಲುಗಳಿಗೂ ತಲೆಮನೆಗಳು, ಯಾವ ತಲೆಮನೆ ಅಡ್ಡಕ್ಕೆ, ಯಾವುದು ಉದ್ದಕ್ಕೆ ಎಂಬ ಸೂಚನೆ. ಈಗ ಮೇಷ್ಟ್ರು ‘ಟಿ’ ಒತ್ತಿ ನೇರ ಅಲ್ಲಿಗೆ ಹಾರುತ್ತಾರೆ. ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀಲಿ ಒತ್ತಿದರೆ ಮನೆಯಿಂದ ಮನೆಗೆ ನಡೆಯಬಹುದು, ಸಾಲೂ ಕಾಲಮೂ ಬದಲಾದಾಗ ಅದರ ತಲೆಮನೆಯನ್ನು ಎನ್‌ವಿಡಿಎ ಮೊದಲು ಹೇಳುತ್ತದೆ: "ಭಾನುವಾರ, ಸಂಜೆ, ಮುಚ್ಚಿದೆ." ಇಷ್ಟು ಚೊಕ್ಕವಾಗಿ ನನ್ನ ಅಂಗಡಿಯ ಹುಡುಗನೂ ಉತ್ತರ ಕೊಡುವುದಿಲ್ಲ. ನಾಲ್ಕು ತಿಂಗಳಲ್ಲಿ ಈ ತಂತ್ರಾಂಶದ ಮೇಲೆ ನನಗೆ ಪೂರ್ತಿ ಗೌರವ ಬಂದದ್ದು ಆ ಗಳಿಗೆಯಲ್ಲಿ.

ಕಲಿಯಲು ಒಂದು ವಾರ ಬೇಕು. ಕೈಪಿಡಿ ವಿವರವಾಗಿದೆ, ಓದಿದರೆ ಸಾಕು. ಬರೀ ಪರೀಕ್ಷೆಗೆ ಬೇಕಾದವರು ಸ್ಥಾಪಿಸದೆ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೂ ನಡೆಸಬಹುದು. ಒಂದು ಎಚ್ಚರಿಕೆ: ನಾವು ಪರದೆ ನೋಡುತ್ತಲೇ ಕೇಳುವುದರಿಂದ, ಕಿವಿಗೆ ಬೀಳದ್ದನ್ನು ಕಣ್ಣು ತಾನೇ ತುಂಬಿಕೊಂಡುಬಿಡುತ್ತದೆ. ನಾನು ಪರದೆಯ ಮೇಲೆ ಟವೆಲ್ ಹೊದಿಸಿ ಕೂರುತ್ತಿದ್ದೆ. ಹಾಗಿದ್ದೂ ನನಗೆ ಸಿಕ್ಕ ತಪ್ಪುಗಳಿಗಿಂತ ಮೇಷ್ಟ್ರಿಗೆ ಸಿಕ್ಕವೇ ಹೆಚ್ಚು. ವಾಚನಾಲಯದ ಸಮಿತಿಯವರು ಒಬ್ಬ ಓದುಗರಿಗಾಗಿ ಇಷ್ಟೆಲ್ಲ ಯಾಕೆ ಎಂದು ಕೇಳಿದಾಗ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾತು ತೆಗೆದೆ. ಕಾಯ್ದೆಗಿಂತ ಹೆಚ್ಚಾಗಿ, ಸಮಿತಿಯಲ್ಲಿ ಮೂವರು ಅದೇ ಮೇಷ್ಟ್ರ ಶಿಷ್ಯರು ಎಂಬುದು ಕೆಲಸ ಮಾಡಿತು.

ಪುಸ್ತಕ ಪಟ್ಟಿ ಇನ್ನೂ ಬಾಕಿ ಇದೆ. ಅದರ ಕಥೆ ಟೇಬಲ್ಲಿಗಿಂತ ಹಳೆಯ ರೋಗ. ಮುಖಪುಟದ ಬರಹವನ್ನು ಎಲ್ಲ ಗಣಕಗಳೂ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಎಂದೋ ತಂದಿದ್ದೆ. ಪಟ್ಟಿ ಮಾತ್ರ ಹಳೆಯ ಫಾಂಟಿನ ಬೆರಳಚ್ಚಿನಲ್ಲೇ ಉಳಿದಿತ್ತು. ಫಾಂಟ್ ಇದ್ದ ಗಣಕದಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ‘ಕನ್ನಡ’ ಎಂಬ ಮೂರಕ್ಷರ ಅಲ್ಲಿ ಪಿ, ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಮತ್ತೆ ಎ. ಎಂಥ ಗ್ರಿಡ್ ಹಾಕಿದರೂ, ಎಂಥ ತಲೆಬರಹ ಕೊಟ್ಟರೂ ಇದನ್ನು ಯಾವ ದನಿಯೂ ಓದಲಾರದು. ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ ಕೆಟ್ಟಲ್ಲಿ ಕೈಯಿಂದ ತಿದ್ದಿ, ಭಾನುವಾರಕ್ಕೆ ನೂರರಂತೆ ಮುಗಿಸುತ್ತಿದ್ದೇನೆ. ನಾಲ್ಕು ಸಾವಿರದ ಚಿಲ್ಲರೆ ಪುಸ್ತಕಗಳಲ್ಲಿ ಒಂದೂವರೆ ಸಾವಿರ ಆಗಿವೆ.

ಮೊನ್ನೆ ಮತ್ತೆ ಮೇಷ್ಟ್ರ ಫೋನ್ ಬಂತು. "ಇತಿಹಾಸ ವಿಭಾಗದಲ್ಲಿ ಹದಿನೇಳನೆಯ ಪುಸ್ತಕ, ಪಿ ಎ ಪೌಂಡ್ ಎ ಎಂದು ಹೆಸರು ಶುರುವಾಗುತ್ತದೆ. ಚೆನ್ನಾಗಿದೆಯೇನೋ? ಒಂದು ಪ್ರತಿ ನನಗಾಗಿ ತೆಗೆದಿಡಲು ಹೇಳು."